ಒಂದು ಮೀಟರ್ ಗುಂಡಿಯಲ್ಲಿ ಮಣ್ಣಿನ ಪದರಗಳನ್ನು ಓದುವ ಬಗೆ

ಮೇಲಿನ ಬಣ್ಣ ನೋಡಿ ಮಣ್ಣಿನ ಗುಣ ಹೇಳಹೊರಟರೆ ಹೆಚ್ಚು ಸಲ ತಪ್ಪುತ್ತದೆ. ಕಪ್ಪಗಿರುವ ಮಣ್ಣಿನಲ್ಲೆಲ್ಲ ಸಾವಯವ ಪದಾರ್ಥ ಹೇರಳವಾಗಿರುತ್ತದೆ ಎಂಬುದು ಸುಳ್ಳು. ಕೆಂಪು ಮಣ್ಣೆಲ್ಲ ಸತ್ವಹೀನ ಎಂಬುದೂ ಅಷ್ಟೇ. ಕೆಳಗಿನ ಬಂಡೆ, ಮೇಲಿನ ಗಿಡಮರ, ಇಳಿದ ನೀರು ಇವು ಮೂರೂ ಮಣ್ಣಿನ ಅಡ್ಡಸೀಳಿನಲ್ಲಿ ಗುರುತು ಬಿಟ್ಟಿರುತ್ತವೆ. ಅದನ್ನು ನೋಡಲು ಗುಂಡಿ ತೋಡಬೇಕು.

ಜಾಗ ಮತ್ತು ಗುಂಡಿ

ರಸ್ತೆಯ ಅಂಚು, ಚರಂಡಿಯ ಪಕ್ಕ, ಕಟ್ಟಡದ ಸುತ್ತಮುತ್ತ ಬೇಡ. ಅಲ್ಲಿರುವುದು ಬಹುಪಾಲು ತಂದು ಸುರಿದ ಮಣ್ಣು. ನೆಲದಡಿ ತಂತಿ, ಪೈಪು ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಇಳಿಜಾರಾದರೆ ಎರಡು ಗುಂಡಿ ಬೇಕು: ದಿಬ್ಬದ ನೆತ್ತಿಯಲ್ಲೊಂದು, ಬುಡದಲ್ಲೊಂದು. ನೆತ್ತಿಯ ಮಣ್ಣು ಕೊಚ್ಚಿಹೋಗಿ ಬುಡದಲ್ಲಿ ನಿಲ್ಲುವುದರಿಂದ ಒಂದೇ ಬಂಡೆಯ ಮೇಲಿದ್ದರೂ ಎರಡೂ ಬೇರೆ ಬೇರೆ ಮಣ್ಣು.

ಉದ್ದ 1 ಮೀಟರ್, ಅಗಲ 70 ಸೆಂ.ಮೀ., ಆಳ 1 ಮೀಟರ್ ಸಾಕು. ಅದಕ್ಕಿಂತ ಆಳ ತೋಡಿ ಒಳಗಿಳಿಯಬೇಡಿ. ಮರಳು ಮಣ್ಣಿನ ಗೋಡೆ ಮುನ್ಸೂಚನೆ ಕೊಡದೆ ಕುಸಿಯುತ್ತದೆ. ಬಿಸಿಲು ಬೀಳುವ ಗೋಡೆಯನ್ನು ಓದಲು ಆರಿಸಿಕೊಂಡು, ಆ ಅಂಚಿನ ಮೇಲೆ ಕಾಲಿಡದೆ, ಮಣ್ಣು ಹಾಕದೆ ಉಳಿಸಿ. ಮೇಲ್ಮಣ್ಣು ಮತ್ತು ಒಳಮಣ್ಣನ್ನು ಬೇರೆ ಬೇರೆ ರಾಶಿ ಮಾಡಿ.

ಗುದ್ದಲಿಯ ಅಲಗು ಗೋಡೆಯನ್ನು ಗಾರೆ ಸವರಿದಂತೆ ನುಣ್ಣಗೆ ಮಾಡಿಬಿಡುತ್ತದೆ, ಮಣ್ಣಿನ ಹೆಂಟೆಗಳ ಆಕಾರ ಅದರಡಿ ಮುಚ್ಚಿಹೋಗುತ್ತದೆ. ಚಾಕುವಿನ ತುದಿಯಿಂದ ಮೇಲಿನಿಂದ ಕೆಳಕ್ಕೆ ಚೂರುಚೂರಾಗಿ ಕಿತ್ತು ಸ್ವಚ್ಛ ಮಾಡಿ. ಆಮೇಲೆ ಟೇಪು ಇಳಿಬಿಟ್ಟು, ಬಣ್ಣ, ಬೇರು, ಕಲ್ಲು, ಬಿಗಿತ ಬದಲಾಗುವ ಆಳಗಳನ್ನು ಬರೆದುಕೊಳ್ಳಿ.

ಪದರಗಳು

ಎಲೆಕಸದ ಹೊದಿಕೆಯ ಕೆಳಗೆ ಕಪ್ಪುಛಾಯೆಯ ಮೇಲ್ಮಣ್ಣು ‘ಎ’ ಪದರ. ಮೇಲಿನಿಂದ ತೊಳೆದುಬಂದ ಜೇಡಿ ಮತ್ತು ಕಬ್ಬಿಣ ಶೇಖರವಾಗುವ ಒಳಮಣ್ಣು ‘ಬಿ’. ಅರೆಶಿಥಿಲವಾದ ಮೂಲವಸ್ತು ‘ಸಿ’. ಎಲ್ಲ ಗುಂಡಿಯಲ್ಲೂ ಮೂರೂ ಸಿಗುವುದಿಲ್ಲ. ನದಿ ಇತ್ತೀಚೆಗೆ ಹಾಸಿದ ಮೆಕ್ಕಲಿನಲ್ಲಿ ‘ಬಿ’ ಮೂಡಲು ಕಾಲವೇ ಸಿಕ್ಕಿರುವುದಿಲ್ಲ.

ಬಣ್ಣವನ್ನು ನೀರು ಚಿಮುಕಿಸಿ, ಮಣ್ಣು ತೇವವಿದ್ದಾಗಲೇ ಗುರುತಿಸಿ. ಕೆಂಪಿಗೆ ಹೆಮಟೈಟ್, ಹಳದಿ ಕಂದಿಗೆ ಗೋಥೈಟ್ ಕಾರಣ. ಎರಡೂ ಕಬ್ಬಿಣದ ಆಕ್ಸೈಡುಗಳೇ. ಬೂದು ಅಥವಾ ನೀಲಿಬೂದು ಕಂಡರೆ ಅಲ್ಲಿ ನೀರು ನಿಂತು ಆಮ್ಲಜನಕ ಕಡಿಮೆಯಾಗಿತ್ತು ಎಂದರ್ಥ. ಬೂದಿನ ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳಿದ್ದರೆ ನೀರಿನ ಮಟ್ಟ ಏರಿಳಿಯುತ್ತದೆ. ಗುಂಡಿ ಒಣಗಿದ ದಿನವೂ ಈ ಗುರುತು ಉಳಿದಿರುತ್ತದೆ.

ಸಸ್ಯವರ್ಗದ ಗುರುತನ್ನು ಮೇಲ್ಮಣ್ಣಿನ ದಪ್ಪದಲ್ಲಿ ಹುಡುಕಿ. ಹುಲ್ಲುಗಾವಲಿನಲ್ಲಿ ಬೇರುಗಳು ಮಣ್ಣಿನೊಳಗೇ ಸತ್ತು ಕೊಳೆಯುವುದರಿಂದ ಕಪ್ಪು ಪದರ ಆಳಕ್ಕಿಳಿಯುತ್ತದೆ. ಉಷ್ಣವಲಯದ ಮಳೆಕಾಡಿನಲ್ಲಿ ಉದುರಿದ ಎಲೆ ಬೇಗ ಕೊಳೆತು, ಪೋಷಕಾಂಶ ಮತ್ತೆ ಮರಕ್ಕೇ ಏರುತ್ತದೆ. ಆದ್ದರಿಂದ ಅಷ್ಟು ದಟ್ಟ ಕಾಡಿನ ಕೆಳಗೂ ಮೇಲ್ಮಣ್ಣು ತೆಳು. ತಂಪು ಪ್ರದೇಶದ ಸೂಚಿಪರ್ಣಿ ಕಾಡಿನಲ್ಲಿ ಆಮ್ಲೀಯ ನೀರು ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಕೆಳಗೆ ಒಯ್ದು, ನಡುವೆ ಬೂದಿಯಂಥ ಬಿಳಚು ಪದರ ಉಳಿಸುತ್ತದೆ.

ಜಾಡಿ ಪರೀಕ್ಷೆ

ಪದರದಲ್ಲಿ ಮರಳು, ರೇವೆ, ಜೇಡಿ ಎಷ್ಟೆಷ್ಟಿವೆ ಎಂದು ಈ ಪರೀಕ್ಷೆ ತೋರಿಸುತ್ತದೆ. ಕಣದ ಗಾತ್ರ 2ರಿಂದ 0.05 ಮಿ.ಮೀ. ಇದ್ದರೆ ಮರಳು, 0.05ರಿಂದ 0.002 ಇದ್ದರೆ ರೇವೆ, ಅದಕ್ಕಿಂತ ಸಣ್ಣದು ಜೇಡಿ. ಪ್ರತಿ ಪದರದ ಮಣ್ಣನ್ನು ಒಣಗಿಸಿ, ಕುಟ್ಟಿ, 2 ಮಿ.ಮೀ. ಜರಡಿ ಹಿಡಿಯಿರಿ. ನೇರ ಗೋಡೆಯ ಗಾಜಿನ ಜಾಡಿಯಲ್ಲಿ 3 ಸೆಂ.ಮೀ. ಮಣ್ಣು, ಅರ್ಧ ಟೀ ಚಮಚ ಬಟ್ಟೆ ಸೋಡಾ ಹಾಕಿ, ತಳದಿಂದ 10 ಸೆಂ.ಮೀ. ಎತ್ತರಕ್ಕೆ ನೀರು ತುಂಬಿ, 10 ನಿಮಿಷ ಜೋರಾಗಿ ಅಲುಗಾಡಿಸಿ. ಕೆಳಗಿಟ್ಟ 45 ಸೆಕೆಂಡಿಗೆ ಗೀಟು ಹಾಕಿ: ಅಲ್ಲಿಯವರೆಗಿನದು ಮರಳು. ರೇವೆಯನ್ನು ಗುರುತಿಸುವ ಎರಡನೆಯ ಗೀಟು 2 ಗಂಟೆಗೆ ಹಾಕುವ ರೂಢಿಯಿದೆ, ಅದು ತೀರ ಬೇಗ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 0.002 ಮಿ.ಮೀ. ಕಣ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ ಬೇಕು, 30 ಡಿಗ್ರಿಯಲ್ಲಿ ಆರು ಗಂಟೆಯ ಮೇಲೆ. ಬೇಗ ಗೀಟು ಹಾಕಿದರೆ ಸಣ್ಣ ರೇವೆಯೆಲ್ಲ ಜೇಡಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಉಳಿದ ಜೇಡಿ ಇಳಿಯಲು ದಿನಗಟ್ಟಲೆ ಬಿಡಿ.

ಕೆಲವೇ ನಿಮಿಷದಲ್ಲಿ ನೀರು ತಿಳಿಯಾದರೆ ಜೇಡಿ ಇಲ್ಲವೆಂದು ತೀರ್ಮಾನಿಸಬೇಡಿ. ಮಣ್ಣಿನಲ್ಲಿರುವ ಸುಣ್ಣ ಅಥವಾ ಉಪ್ಪು ಜೇಡಿಕಣಗಳನ್ನು ಗಂಟುಕಟ್ಟಿಸಿ ಬೇಗ ಮುಳುಗಿಸುತ್ತದೆ. ಸುಣ್ಣದ ಅಂಶ ಕಡಿಮೆ ಇರುವ ಮಳೆನೀರು ಬಳಸಿ ಮತ್ತೆ ಮಾಡಿ. ಜೇಡಿ ನೀರು ಹಿಡಿದು ಉಬ್ಬಿ ಕೂರುವುದರಿಂದ ಜಾಡಿಯಲ್ಲಿ ಅದರ ಪಾಲು ತುಸು ಹೆಚ್ಚಾಗಿಯೇ ಕಾಣುತ್ತದೆ.

ಹೀಗಾಗಿ ಕೈಯ ಪರೀಕ್ಷೆಯನ್ನೂ ಮಾಡಲೇಬೇಕು. ತೇವದ ಮಣ್ಣನ್ನು ಚೆನ್ನಾಗಿ ಮಿದ್ದು, ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯಂತೆ ಹೊರಕ್ಕೆ ತಳ್ಳಿ. 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡು (ಮರಳು, ರೇವೆ, ಜೇಡಿ ಬೆರೆತ ಮಣ್ಣು), 5 ಸೆಂ.ಮೀ.ವರೆಗೆ ಬಂದರೆ ಜೇಡಿಗೋಡು, ಅದಕ್ಕೂ ಉದ್ದ ಬಂದರೆ ಜೇಡಿ. ಉಂಡೆಯೇ ಕಟ್ಟದಿದ್ದರೆ ಮರಳು.

ತಳದ ಬಂಡೆ

‘ಸಿ’ ಪದರದ ಕಲ್ಲನ್ನು ಒಡೆದು ನೋಡಿ. ಗ್ರಾನೈಟಿನಲ್ಲಿರುವ ಬೆಣಚು ಸುಲಭಕ್ಕೆ ಕರಗದೆ ಮರಳಾಗಿ ಉಳಿಯುತ್ತದೆ. ಬಸಾಲ್ಟಿನಲ್ಲಿ ಬೆಣಚು ಬಹುತೇಕ ಇಲ್ಲ, ಅದರ ಖನಿಜಗಳು ಶಿಥಿಲವಾದರೆ ಜೇಡಿಯೇ ಹೆಚ್ಚು. ಭೂಫಲಕಗಳು ದೂರ ಸರಿಯುವಲ್ಲಿ ಮೇಲೇಳುವ ಶಿಲಾರಸದಿಂದ ಬಸಾಲ್ಟ್ ಮೂಡುತ್ತದೆ, ಫಲಕಗಳು ಎದುರುಬದುರಾಗಿ ಒತ್ತುವಲ್ಲಿ ಆಳದಲ್ಲಿ ಗ್ರಾನೈಟ್ ಹೆಪ್ಪುಗಟ್ಟುತ್ತದೆ. ಜಾಡಿಯ ತಳದ ಮರಳಿನ ಮೂಲ ಅಷ್ಟು ದೂರದ್ದು! ಕಲ್ಲುಗಳು ದುಂಡಗಿದ್ದು ಕೆಳಗಿನ ಬಂಡೆಯ ಜಾತಿಗೆ ಸೇರದಿದ್ದರೆ ಆ ಮಣ್ಣು ಬೇರೆಡೆಯಿಂದ ಬಂದದ್ದು, ಕೆಳಗಿನ ಬಂಡೆಯಿಂದ ಅದನ್ನು ವಿವರಿಸಬಾರದು.

ಕೈಗವಸು, ಕನ್ನಡಕ ಹಾಕಿ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಹನಿಯನ್ನು ಪ್ರತಿ ಪದರಕ್ಕೂ ಬಿಡಿ. ನೊರೆ ಎದ್ದರೆ ಸುಣ್ಣವಿದೆ. ಕೆಳಪದರದಲ್ಲಿ ಮಾತ್ರ ನೊರೆ ಬಂದರೆ ಮಳೆ ಅದನ್ನು ಮೇಲಿನಿಂದ ತೊಳೆದಿದೆ.

ಮುಚ್ಚುವಾಗ ಒಳಮಣ್ಣು ಮೊದಲು, ಮೇಲ್ಮಣ್ಣು ಕೊನೆಗೆ. ಪ್ರತಿ 20 ಸೆಂ.ಮೀ.ಗೆ ತುಳಿದು ಒತ್ತಿ, ಆಮೇಲೆ ಕುಸಿಯುವುದಕ್ಕೆಂದು ಒಂದು ಗೇಣಿನಷ್ಟು ಎತ್ತರ ಬಿಡಿ.