ಮುಟ್ಟಾಟದಲ್ಲಿ ನಾನು ಮಾಡಿದ ತಪ್ಪು

ಸಾಗರ ತಾಲ್ಲೂಕಿನ ಕಾಡಂಚಿನ ಶಾಲೆಯ ಮೇಷ್ಟ್ರಿಗೆ ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಪಾಠ ತಪ್ಪಿದ್ದಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಮನುಷ್ಯರಿಗೆ ಇದು ಬರುವುದು ರಕ್ತ ಹೀರುವ ಉಣುಗು ಕಚ್ಚಿ. ಮಳೆಗಾಲ ಕಳೆದ ಮೇಲೆ ತರಗೆಲೆಯಲ್ಲಿ ಮರಿ ಉಣುಗುಗಳು ಹೆಚ್ಚುತ್ತವೆ. ಅಲ್ಲಿಂದ ಮೇ ತಿಂಗಳವರೆಗೂ ನಮಗೆ ಆತಂಕದ ಕಾಲ. ನಾಲ್ಕು ವರ್ಷ ಭಿತ್ತಿಪತ್ರ ಹಿಡಿದು ಪಾಠ ಮಾಡಿದೆ. ಮಕ್ಕಳು 'ಹೌದು ಸಾರ್' ಎಂದು ರಾಗ ಎಳೆದು, ಸಂಜೆ ಚಡ್ಡಿಯಲ್ಲೇ ಸೊಪ್ಪಿನಬೆಟ್ಟದ ಕಾಡಿಗೆ ದರಗು, ಅಂದರೆ ಒಣ ತರಗೆಲೆ, ಗುಡಿಸಲು ಹೋಗುತ್ತಿದ್ದರು.

ಹಾಗಾಗಿ ಆಟಕ್ಕಿಳಿದೆ. ಮೊದಲು ಹೊಳೆದದ್ದು ಮುಟ್ಟಾಟ. ಒಬ್ಬ ಉಣುಗು, ಅವನು ಮುಟ್ಟಿದವರೆಲ್ಲ ಉಣುಗು. ಮೈದಾನ ತುಂಬ ಕೇಕೆ. ನಾನೂ ಬೀಗಿದೆ. ವಾರ ಕಳೆಯುವುದರೊಳಗೆ, ಸಾಮಾನ್ಯ ನೆಗಡಿ ಜ್ವರ ವಾಸಿಯಾಗಿ ಬಂದ ಆರನೇ ತರಗತಿಯ ಹುಡುಗನೊಬ್ಬನ ಪಕ್ಕದಲ್ಲಿ ಯಾರೂ ಕೂರಲಿಲ್ಲ. 'ಮುಟ್ಟಿದರೆ ನಮಗೂ ಬರುತ್ತದೆ ಸಾರ್, ನೀವೇ ಆಡಿಸಿದ್ದಲ್ಲವೇ?' ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಬಾಯಲ್ಲಿ ಅದನ್ನೇ ಹೇಳಿ, ಆಟದಲ್ಲಿ ಅದರ ಉಲ್ಟಾ ಕಲಿಸಿದ್ದೆ.

ನಿಯಮ ಬದಲಾಯಿತು. ಈಗ ಉಣುಗುಗಳು ಸುಣ್ಣದ ವೃತ್ತದೊಳಗೆ ಕುಕ್ಕರಗಾಲಿನಲ್ಲಿ ಕೂರಬೇಕು. ಏಳುವಂತಿಲ್ಲ, ಕೈ ಚಾಚಬಹುದಷ್ಟೆ. ಉಣುಗು ಹಾರುವುದೂ ಇಲ್ಲ, ನೆಗೆಯುವುದೂ ಇಲ್ಲ. ಎಲೆಯ ತುದಿಯಲ್ಲಿ ಕಾದಿದ್ದು ಹಾದುಹೋಗುವವರಿಗೆ ಅಂಟಿಕೊಳ್ಳುತ್ತದೆ. ಸಿಕ್ಕಿಬಿದ್ದವರು ಉಣುಗಾಗುವುದಿಲ್ಲ. ಗೆಳೆಯರು ಅವರ ಕೈ ಹಿಡಿದು ಹಲಸಿನ ಮರದ ಬುಡದ 'ಆಸ್ಪತ್ರೆ'ಗೆ ಕರೆದೊಯ್ಯಬೇಕು. ಹಾಗೆ ಕೈ ಹಿಡಿದವರು ಔಟ್ ಅಲ್ಲ. ಜ್ವರ ಬಂದಿದ್ದ ಹುಡುಗನನ್ನೇ ಮೊದಲ ರೋಗಿ ಮಾಡಿದೆ. ಕೈ ಹಿಡಿಯಲು ಜಗಳವೇ ಆಯಿತು.

ಎರಡನೆಯದು ಉತ್ತರಾಣಿ ಆಟ. ಬಟ್ಟೆಗೆ ಅಂಟುವ ಅದರ ಮುಳ್ಳುಬೀಜವೇ ಇಲ್ಲಿ ಉಣುಗು. ಮಕ್ಕಳನ್ನು ಪೊದೆಗೆ ನುಗ್ಗಿಸುವ ಮಾತಿಲ್ಲ. ಬೇಲಿಯ ಒಣ ಉತ್ತರಾಣಿ ಕಡ್ಡಿಗಳನ್ನು ನಾನೇ ಕೊಯ್ದು, ಬಿಸಿಲಿಗೆ ಹಾಕಿ ಕೊಡವಿ, ಎರಡು ಹಗ್ಗಗಳಿಗೆ ಕಟ್ಟಿ ಕಿರಿದಾದ ಓಣಿ ಮಾಡುತ್ತೇನೆ. ಒಬ್ಬೊಬ್ಬರೇ ಓಡಿ ದಾಟಬೇಕು. ಆಮೇಲೆ ಮೈಮೇಲಿನ ಮುಳ್ಳುಬೀಜ ಕಿತ್ತು ಎಣಿಸಬೇಕು. ಮೊದಲ ದಿನ ಏಳನೇ ತರಗತಿಯ ಹುಡುಗನೊಬ್ಬ ತೋಳು, ಕಾಲು ಎಲ್ಲ ತಡಕಿ 'ಒಂದೂ ಇಲ್ಲ' ಎಂದು ಎದೆಯುಬ್ಬಿಸಿ ನಿಂತ. ಹಿಂದಿದ್ದ ಹುಡುಗಿ ಅವನ ಅಂಗಿಯ ಕಾಲರಿನ ಮಡಿಕೆಯಿಂದ ನಾಲ್ಕು, ಸೊಂಟದ ಹಿಂಬದಿಯಿಂದ ಏಳು ಕಿತ್ತು ಅಂಗೈ ಮೇಲಿಟ್ಟು ತೋರಿಸಿದಳು. ಅಂದಿನಿಂದ ಜೋಡಿಯಾಗಿಯೇ ತಪಾಸಣೆ: ಕಿವಿಯ ಹಿಂಭಾಗ, ಕುತ್ತಿಗೆ, ಸೊಂಟ, ಮೊಣಕಾಲಿನ ಹಿಂಬದಿ. ಕೊನೆಗೆ ಬಿಳಿ ಹಾಳೆಯ ಮೇಲೆ ಕರಿ ಎಳ್ಳಿನ ಒಂದು ಕಾಳಿಟ್ಟು, ಮರಿ ಉಣುಗು ಇದಕ್ಕಿಂತಲೂ ಚಿಕ್ಕದು ಎನ್ನುತ್ತೇನೆ. ಆಗ ಮಾತ್ರ ಗಲಾಟೆ ನಿಲ್ಲುತ್ತದೆ.

ಉದ್ದ ತೋಳಿನ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಕಾಡಿನಿಂದ ಬಂದ ಮೇಲೆ ಬಿಸಿನೀರಿನ ಸ್ನಾನ, ಇವೆಲ್ಲ ಈ ಹೊತ್ತಿನಲ್ಲಿ ಹೇಳಿದರೆ ಕಿವಿಗೆ ಬೀಳುತ್ತವೆ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸುವುದಕ್ಕೆ ಆಟವೇ ಬೇಡ. ಸುದ್ದಿ ಮುಟ್ಟಿಸುವುದೆಂದರೆ ನಮ್ಮ ಮಕ್ಕಳಿಗೆ ಹಬ್ಬ.

ಮೊನ್ನೆ ತಾಯಿಯೊಬ್ಬರು ಸಮವಸ್ತ್ರದ ಉತ್ತರಾಣಿ ಕಿತ್ತು ಸಾಕಾಯಿತೆಂದು ದೂರು ತಂದರು. ದೂರು ಮುಗಿಸಿ ಇನ್ನೊಂದು ಸೇರಿಸಿದರು: ಮಗ ದರಗು ಹೊತ್ತು ಬಂದ ಅಜ್ಜನನ್ನು ಅಂಗಳದಲ್ಲೇ ನಿಲ್ಲಿಸಿ, ಬೆನ್ನು ನೋಡದೆ ಜಗಲಿ ಹತ್ತಲು ಬಿಡುವುದಿಲ್ಲವಂತೆ. ಅಜ್ಜನಿಗೆ ನನ್ನ ಮೇಲೆ ಸಿಟ್ಟು.