ಒಂದು ಲೋಟಕ್ಕೆ 15 ಗ್ರಾಂ

ಒಂದು ಬೆಳಿಗ್ಗೆ 15 ಗ್ರಾಂ ಹುರಿದ ಕಾಫಿ ಬೀಜ ತೂಗಿ, ತಟ್ಟೆಯಲ್ಲಿ ಹರಡಿಕೊಂಡು ಒಂದೊಂದೇ ಎಣಿಸಿದೆ. 114 ಬೀಜ ಇದ್ದವು. ಒಂದು ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ. ಅಂದರೆ ನಾನು ಕುಡಿಯುವ ಒಂದು ಲೋಟ ಕಾಫಿಗೆ ಯಾರೋ 57 ಹಣ್ಣು ಕೊಯ್ದಿದ್ದಾರೆ. ಅಲ್ಲಿಯವರೆಗೆ ನಾನು ಪುಡಿಯನ್ನು ಚಮಚದಲ್ಲಿ ಅಂದಾಜಿಗೆ ಹಾಕುತ್ತಿದ್ದೆ. ಕಹಿಯಾದರೆ ಸುಮ್ನೆ ಸಿಂಕಿಗೆ ಸುರಿಯುತ್ತಿದ್ದೆ. ಅವತ್ತಿನ ನಂತರ ಸುರಿಯಲು ಮನಸ್ಸು ಬರಲಿಲ್ಲ. ಮೊದಲು ಕಾಫಿ ಸರಿಯಾಗಿ ಮಾಡುವುದನ್ನು ಕಲಿತೆ, ಆಮೇಲೆ ಕಾಫಿ ಪೊಟ್ಟಣ ಸರಿಯಾಗಿ ಓದುವುದನ್ನು ಕಲಿತೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತಕ್ಕಡಿ, ಪುಡಿ, ನೀರು

ಮೊದಲು ಒಂದು ಅಡುಗೆಮನೆ ತಕ್ಕಡಿ ತನ್ನಿ. ದುಬಾರಿ ಯಂತ್ರಕ್ಕಿಂತ ಅದೇ ಮುಖ್ಯ. ಕಡುವಾಗಿ ಹುರಿದ ಬೀಜ ಉಬ್ಬಿ ಹಗುರವಾಗಿರುತ್ತದೆ, ಹದವಾಗಿ ಹುರಿದದ್ದು ಭಾರ. ಅದೇ ಚಮಚದಲ್ಲಿ ಅಳೆದರೂ ಎರಡರ ತೂಕ ಬೇರೆ. ನನ್ನ ಲೆಕ್ಕ 1 ಗ್ರಾಂ ಪುಡಿಗೆ 16 ಗ್ರಾಂ ನೀರು. 15 ಗ್ರಾಂ ಪುಡಿಯಾದರೆ 240 ಗ್ರಾಂ ನೀರು. ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಅಲ್ಲೇ ನೀರು ಸುರಿಯಿರಿ, ಬೇರೆ ಅಳತೆ ಲೋಟ ಬೇಕಿಲ್ಲ. ಸ್ಟ್ರಾಂಗ್ ಬೇಕೆಂದರೆ ಪುಡಿ ಹೆಚ್ಚಿಸಿ. ಜಾಸ್ತಿ ಹೊತ್ತು ನೆನೆಸಿದರೆ ಕಹಿ ಹೆಚ್ಚುತ್ತದೆ, ಗಟ್ಟಿ ಕಾಫಿ ಬರುವುದಿಲ್ಲ.

ಈಗ ನನಗೆ ಅರ್ಥವಾಗಲು ವರ್ಷಗಳೇ ಹಿಡಿದ ವಿಷಯ. ಹುರಿದ ಬೀಜದ ತೂಕದಲ್ಲಿ ಸುಮಾರು 30 ಪ್ರತಿಶತ ಮಾತ್ರ ನೀರಿನಲ್ಲಿ ಕರಗಬಲ್ಲದು. ಅದೂ ಪೂರ್ತಿ ಬೇಡ, ಪುಡಿಯ ತೂಕದ 18ರಿಂದ 22 ಪ್ರತಿಶತ ನೀರಿಗೆ ಇಳಿದಾಗ ರುಚಿ ಚೆನ್ನಾಗಿರುತ್ತದೆ. ಎಲ್ಲವೂ ಒಟ್ಟಿಗೆ ಇಳಿಯುವುದಿಲ್ಲ. ಮೊದಲು ಹುಳಿ ಬರುತ್ತದೆ, ಆಮೇಲೆ ಸಿಹಿ, ಕೊನೆಗೆ ಕಹಿ ಮತ್ತು ಒಗರು. ಹಾಗಾಗಿ ಕೆಟ್ಟ ಕಾಫಿಯೇ ತನಗೆ ಏನಾಗಿದೆ ಅಂತ ಹೇಳಿಬಿಡುತ್ತದೆ. ಹುಳಿಯಾಗಿ ತೆಳ್ಳಗಿದ್ದರೆ ಕಡಿಮೆ ಇಳಿದಿದೆ, ನಾಳೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಿ. ಕಹಿಯಾಗಿ ನಾಲಿಗೆ ಒಣಗಿದಂತಾದರೆ ಜಾಸ್ತಿ ಇಳಿದಿದೆ, ನಾಳೆ ತರಿತರಿಯಾಗಿ ಬೀಸಿ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ. ಪುಡಿ, ನೀರು, ಹೊತ್ತು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಇದೇ ಕಾರಣಕ್ಕೆ ಬ್ಲೇಡ್ ಇರುವ ಮಿಕ್ಸಿ ಕಾಫಿಗೆ ಸರಿಹೊಂದದು. ಅದು ಒಂದಿಷ್ಟು ಧೂಳು ಮಾಡುತ್ತದೆ, ಒಂದಿಷ್ಟು ನುಚ್ಚು ಬಿಡುತ್ತದೆ. ಧೂಳಿನಿಂದ ಕಹಿ, ನುಚ್ಚಿನಿಂದ ಹುಳಿ, ಎರಡೂ ಒಂದೇ ಲೋಟಕ್ಕೆ ಬರುತ್ತವೆ. ಎರಡು ಹಲ್ಲುಗಾಲಿಗಳ ನಡುವೆ ಬೀಜವನ್ನು ಅರೆಯುವ ಬರ್ ಗ್ರೈಂಡರ್ ಸಮನಾದ ಪುಡಿ ಕೊಡುತ್ತದೆ. ನನ್ನದು ಕೈಯಲ್ಲಿ ತಿರುಗಿಸುವುದು. 15 ಗ್ರಾಂಗೆ ಒಂದು ನಿಮಿಷ ಸಾಕು. ಕುಡಿಯುವ ಹೊತ್ತಿಗೇ ಬೀಸಿ. ಪುಡಿಯಾದ ತಕ್ಷಣದಿಂದ ಘಮ ಹಾರಿಹೋಗತೊಡಗುತ್ತದೆ.

ನೀರಿನ ಬಗ್ಗೆ ಎರಡೇ ಮಾತು. ಲೋಟದಲ್ಲಿ ಇರುವುದು ನೂರಕ್ಕೆ ಹೆಚ್ಚುಕಡಿಮೆ 98 ಪಾಲು ನೀರೇ. ಕುಡಿಯಲು ರುಚಿಯಿಲ್ಲದ ನೀರಿನಲ್ಲಿ ಕಾಫಿಯೂ ರುಚಿಸದು. ಬಿಸಿ 92ರಿಂದ 96 ಡಿಗ್ರಿ ಇರಲಿ. ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟರೆ ಹತ್ತಿರ ಹತ್ತಿರ ಅಷ್ಟಕ್ಕೆ ಬರುತ್ತದೆ.

ನಾನು ಮಾಡುವ ನಾಲ್ಕು ಬಗೆ

ಫ್ರೆಂಚ್ ಪ್ರೆಸ್‌ನಿಂದ, ಅಂದರೆ ಮುಚ್ಚಳದಲ್ಲಿ ಒತ್ತುವ ಜರಡಿ ಇರುವ ಜಾಡಿಯಿಂದ ಶುರು ಮಾಡಿ. ಇದರಲ್ಲಿ ಕೈತಪ್ಪುವುದು ಕಡಿಮೆ. 30 ಗ್ರಾಂ ತರಿ ಪುಡಿ, 480 ಗ್ರಾಂ ನೀರು. ನೀರು ಸುರಿದು ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಮೆಲ್ಲಗೆ ಕಲಕಿ, ಉಳಿದ ನೊರೆಯನ್ನು ತೆಗೆದುಹಾಕಿ. ಪುಡಿ ತಳಕ್ಕೆ ಇಳಿಯುತ್ತದೆ. ಇನ್ನೂ ನಾಲ್ಕು ನಿಮಿಷ ಕಾಯುವ ತಾಳ್ಮೆ ಇದ್ದರೆ ಗಸಿ ಇನ್ನಷ್ಟು ಕೆಳಗೆ ಕೂರುತ್ತದೆ. ಜರಡಿಯನ್ನು ತಳದವರೆಗೆ ಒತ್ತಬೇಡಿ, ಕಾಫಿಯ ಮೇಲ್ಮೈಗೆ ತಾಗುವಷ್ಟು ಇಳಿಸಿ ಬಗ್ಗಿಸಿ. ಒತ್ತಿದರೆ ಗಸಿಯೆಲ್ಲ ಮತ್ತೆ ಎದ್ದುಬಿಡುತ್ತದೆ.

ಪೋರ್ ಓವರ್ ನನಗೆ ತುಂಬಾ ಇಷ್ಟ. ಬಟ್ಟಲಿನ ಮೇಲೆ ಕೋನ್, ಅದರೊಳಗೆ ಕಾಗದದ ಫಿಲ್ಟರ್, ಅಷ್ಟೇ. 1908ರಲ್ಲಿ ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಕಾಗದ ಹಾಸಿದ ಕಾಫಿ ಫಿಲ್ಟರ್‌ಗೆ ಪೇಟೆಂಟ್ ಪಡೆದರು. ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ನೋಟ್‌ಪುಸ್ತಕದ ಶಾಯಿ ಒತ್ತುವ ಕಾಗದ ಹಾಸಿ ನೋಡಿದ್ದರು. ಗಸಿ ಬಾಯಿಗೆ ಸಿಗುವುದು ಅವರಿಗೆ ಸಾಕಾಗಿತ್ತು. ನನಗೆ ಆ ಹಟ ಬಹಳ ಹಿಡಿಸುತ್ತದೆ.

ಮಾಡುವುದು ಹೀಗೆ. ಕಾಗದವನ್ನು ಮೊದಲು ಬಿಸಿನೀರಿನಿಂದ ತೋಯಿಸಿ ಆ ನೀರು ಚೆಲ್ಲಿ, ಕಾಗದದ ವಾಸನೆ ಹೋಗುತ್ತದೆ. 15 ಗ್ರಾಂ ಮಧ್ಯಮ ಪುಡಿ ಹಾಕಿ, 40 ಗ್ರಾಂ ನೀರು ಸುರಿದು 40 ಸೆಕೆಂಡ್ ನಿಲ್ಲಿಸಿ. ಪುಡಿ ಉಬ್ಬಿ ಗುಳ್ಳೆ ಏಳುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಅದು. ಅದು ಹೊರಗೆ ಹೋಗದೆ ನೀರು ಪುಡಿಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಏನೂ ಉಬ್ಬದಿದ್ದರೆ ಬೀಜ ಹಳೆಯದಾಗಿದೆ ಎಂದೇ ಲೆಕ್ಕ. ಆಮೇಲೆ ಸುತ್ತಲೂ ತಿರುಗಿಸುತ್ತಾ ಮೆಲ್ಲಗೆ 240 ಗ್ರಾಂವರೆಗೆ ಸುರಿಯಿರಿ. ಒಟ್ಟು ಮೂರು ನಿಮಿಷದ ಆಸುಪಾಸಿನಲ್ಲಿ ಇಳಿದು ಮುಗಿಯಬೇಕು. ಕಾಗದ ಕಾಫಿಯ ಎಣ್ಣೆಯಂಶವನ್ನೂ ಹಿಡಿದಿಡುತ್ತದೆ. ಆ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಕೊಲೆಸ್ಟ್ರಾಲ್ ಏರಿಸುತ್ತದೆ. ಕೊಲೆಸ್ಟ್ರಾಲ್ ಚಿಂತೆ ಇರುವವರಿಗೆ ಹಾಗಾಗಿ ಈ ಬಗೆಯೇ ಒಳ್ಳೆಯದು.

ಮೋಕಾ ಪಾಟ್ 1933ರಿಂದ ಇಟಲಿಯ ಬಿಯಾಲೆಟ್ಟಿ ಹೆಸರಿನ ಜೊತೆ ಬೆಳೆದ ಪಾತ್ರೆ. ಒಲೆಯ ಮೇಲಿಟ್ಟರೆ ಆವಿಯ ಒತ್ತಡಕ್ಕೆ ಕೆಳಗಿನ ನೀರು ಪುಡಿಯನ್ನು ಹಾದು ಮೇಲಿನ ಪಾತ್ರೆಗೆ ಏರುತ್ತದೆ. ಕೆಳಗಿನ ಪಾತ್ರೆಗೆ ಬಿಸಿನೀರನ್ನೇ ಹಾಕಿ, ವಾಲ್ವ್‌ಗಿಂತ ಸ್ವಲ್ಪ ಕೆಳಗಿರಲಿ. ತಣ್ಣೀರು ಹಾಕಿದರೆ ಅದು ಕಾಯುವಷ್ಟರಲ್ಲಿ ಪುಡಿ ಸೀದ ಹಾಗಾಗುತ್ತದೆ. ಪುಡಿಯನ್ನು ಒತ್ತಬೇಡಿ. ಸಣ್ಣ ಉರಿ ಸಾಕು. ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ, ತಳವನ್ನು ತಣ್ಣೀರಿಗೆ ಹಿಡಿಯಿರಿ. ಆ ಸದ್ದಿನ ನಂತರ ಬರುವುದೆಲ್ಲ ಬರೀ ಕಹಿ.

ಕೋಲ್ಡ್ ಬ್ರೂಗೆ ಕೆಲಸವೇ ಇಲ್ಲ. 80 ಗ್ರಾಂ ತರಿ ಪುಡಿ, ಒಂದು ಲೀಟರ್ ತಣ್ಣೀರು, ಫ್ರಿಜ್‌ನಲ್ಲಿ 16 ಗಂಟೆ, ಸೋಸಿ.

ಪೊಟ್ಟಣದ ಮೇಲಿನ ಗುರುತು

57 ಹಣ್ಣು ಕೊಯ್ದವರಿಗೆ ಎಷ್ಟು ಸಿಗುತ್ತದೆ? ಎಣಿಸಿದ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕಾಫಿಯ ಬೆಲೆ ತೋಟದಲ್ಲಿ ನಿರ್ಧಾರವಾಗುವುದಿಲ್ಲ. ಅರೇಬಿಕಾ ಬೆಲೆ ನ್ಯೂಯಾರ್ಕಿನ ವಿನಿಮಯ ಕೇಂದ್ರದಲ್ಲಿ, ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ದಿನದಿನಕ್ಕೂ ಏರಿಳಿಯುತ್ತದೆ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಪ್ರತಿ ದೇಶದ ರಫ್ತಿಗೆ ಮಿತಿ ಹಾಕಿ ಬೆಲೆಯನ್ನು ಹಿಡಿದಿಟ್ಟಿದ್ದರು. 1989ರಲ್ಲಿ ಆ ಮಿತಿಗಳು ಕುಸಿದವು, ಜೊತೆಗೆ ಬೆಲೆಯೂ ಬಿತ್ತು. 2001ರ ಹೊತ್ತಿಗೆ ಒಂದು ಪೌಂಡ್ (ಸುಮಾರು 454 ಗ್ರಾಂ) ಹಸಿ ಬೀಜಕ್ಕೆ 50 ಅಮೆರಿಕನ್ ಸೆಂಟ್ ಕೂಡ ಸಿಗುತ್ತಿರಲಿಲ್ಲ. ಎಷ್ಟೋ ಬೆಳೆಗಾರರಿಗೆ ಕೊಯ್ಲಿನ ಖರ್ಚೂ ಹುಟ್ಟಲಿಲ್ಲ.

ಫೇರ್ ಟ್ರೇಡ್ ಕಾಫಿ, ಅಂದರೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡ ಕಾಫಿ, ಹೆಸರು ಮಾಡಿದ್ದು ಇದೇ ಕಾಲದಲ್ಲಿ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾವಲಾರ್ ಎಂಬ ಗುರುತು ಶುರುವಾಯಿತು. ಅದರ ಹಿಂದೆ ಇದ್ದವರು ಆ ದೇಶದ ಸಾಲಿಡಾರಿಡಾಡ್ ಎಂಬ ನೆರವು ಸಂಸ್ಥೆಯ ನಿಕೊ ರೋಜನ್ ಮತ್ತು ಮೆಕ್ಸಿಕೊದ ಓಹಾಕಾದಲ್ಲಿ ಸಣ್ಣ ಬೆಳೆಗಾರರ ಜೊತೆ ದುಡಿಯುತ್ತಿದ್ದ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್. ಅದಕ್ಕೂ ಮೊದಲು ಇಂಥ ಕಾಫಿ ಕೆಲವೇ ವಿಶೇಷ ಅಂಗಡಿಗಳಲ್ಲಿ ಸಿಗುತ್ತಿತ್ತು. ಗುರುತು ಬಂದ ಮೇಲೆ ಸಾಮಾನ್ಯ ಅಂಗಡಿಯ ಕಪಾಟಿಗೂ ಬಂತು. ಬೇರೆ ಬೇರೆ ದೇಶಗಳ ಗುರುತಿನ ಸಂಸ್ಥೆಗಳು 1997ರಲ್ಲಿ ಒಂದು ಕೂಟವಾದವು. ಅದೇ ಇವತ್ತಿನ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್.

ಅದರ ನಿಯಮ ಸರಳ. ಒಂದು ಕನಿಷ್ಠ ಬೆಲೆ ಇರುತ್ತದೆ, ಮಾರುಕಟ್ಟೆ ಎಷ್ಟೇ ಬಿದ್ದರೂ ಅದಕ್ಕಿಂತ ಕಡಿಮೆಗೆ ಕೊಳ್ಳುವಂತಿಲ್ಲ. ಮಾರುಕಟ್ಟೆ ಬೆಲೆ ಮೇಲಿದ್ದರೆ ಆ ಬೆಲೆಯೇ ಕೊಡಬೇಕು. 2023ರ ಆಗಸ್ಟ್‌ನಲ್ಲಿ ತೊಳೆದ ಅರೇಬಿಕಾದ ಕನಿಷ್ಠ ಬೆಲೆಯನ್ನು ಪೌಂಡಿಗೆ 1.40 ಡಾಲರ್‌ನಿಂದ 1.80 ಡಾಲರ್‌ಗೆ ಏರಿಸಿದರು. ಅದರ ಮೇಲೆ 20 ಸೆಂಟ್ ಪ್ರೀಮಿಯಂ, ಅಂದರೆ ಹೆಚ್ಚುವರಿ ಹಣ, ಬರುತ್ತದೆ. ಶಾಲೆಯೋ, ಒಣಗಿಸುವ ಕಣವೋ, ಗಿಡಗಳ ಆರೈಕೆಯೋ, ಈ ಹಣ ಯಾವುದಕ್ಕೆ ಅಂತ ಬೆಳೆಗಾರರ ಸಂಘದ ಸದಸ್ಯರೇ ಮತ ಹಾಕಿ ತೀರ್ಮಾನಿಸುತ್ತಾರೆ.

ಇದನ್ನು ನನ್ನ ಲೋಟಕ್ಕೆ ಇಳಿಸಿ ನೋಡಿದೆ. ಹುರಿಯುವಾಗ ತೂಕ ಇಳಿಯುವುದರಿಂದ 15 ಗ್ರಾಂ ಹುರಿದ ಬೀಜಕ್ಕೆ ಸುಮಾರು 18 ಗ್ರಾಂ ಹಸಿ ಬೀಜ ಬೇಕು. ಒಂದು ಪೌಂಡಿಗೆ 25 ಲೋಟ ಆಯಿತು. 2001ರ ಬೆಲೆಯಲ್ಲಿ ಲೋಟಕ್ಕೆ ಎರಡು ಸೆಂಟ್. 1.80 ಡಾಲರ್ ಲೆಕ್ಕದಲ್ಲಿ ಏಳು ಸೆಂಟ್ ಚಿಲ್ಲರೆ. ಪ್ರೀಮಿಯಂ ಒಂದು ಸೆಂಟ್ ಕೂಡ ಇಲ್ಲ. ಇದೂ ನೇರವಾಗಿ ಬೆಳೆಗಾರರ ಕೈಗೆ ಹೋಗುವುದಿಲ್ಲ. ಸಂಘಕ್ಕೆ ಬಂದು, ಅಲ್ಲಿನ ಸಂಸ್ಕರಣೆ, ಸಾಗಾಟದ ಖರ್ಚು ಕಳೆದು ಉಳಿದದ್ದು ಅವರಿಗೆ. ಸಂಘ ಬೆಳೆದ ಕಾಫಿಯೆಲ್ಲ ಈ ಗುರುತಿನಡಿ ಮಾರಾಟವಾಗುವುದೂ ಇಲ್ಲ, ಕೊಳ್ಳುವವರು ಸಿಗದಿದ್ದರೆ ಉಳಿದದ್ದು ಮಾಮೂಲಿ ಬೆಲೆಗೇ ಹೋಗುತ್ತದೆ. ಹೀಗಾಗಿ ನಾವು ಕೊಳ್ಳುವ ಒಂದೊಂದು ಪೊಟ್ಟಣವೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಕೊಳ್ಳುವಾಗ ನಾನು ನೋಡುವುದು ಇಷ್ಟು. ಗುರುತು ಯಾರದು? ಅಮೆರಿಕದ ಫೇರ್ ಟ್ರೇಡ್ ಯುಎಸ್ಎ 2011ರ ಕೊನೆಗೆ ಅಂತರರಾಷ್ಟ್ರೀಯ ಕೂಟದಿಂದ ಹೊರಬಂದು ದೊಡ್ಡ ತೋಟಗಳಿಗೂ ಗುರುತು ಕೊಡಲು ಶುರುಮಾಡಿತು. ಅಂತರರಾಷ್ಟ್ರೀಯ ಕೂಟದಲ್ಲಿ ಕಾಫಿಯ ಗುರುತು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಹೆಸರು ಒಂದೇ ಥರ ಇದ್ದರೂ ನಿಯಮ ಬೇರೆ. ನನ್ನ ಆಯ್ಕೆ ಸಣ್ಣ ಬೆಳೆಗಾರರ ಕಡೆಗೆ. ಎರಡನೆಯದು, ಹುರಿದ ದಿನಾಂಕ. ಮೂರನೆಯದು, ಸಂಘದ ಹೆಸರು ಅಥವಾ ಊರು.

ಯಾವ ಗುರುತೂ ಇಲ್ಲದೆ ಬರೀ "ನೈತಿಕವಾಗಿ ಕೊಂಡದ್ದು" ಅಂತ ಬರೆದ ಪೊಟ್ಟಣವನ್ನು ಒಮ್ಮೆ ನಂಬಿ ತಂದಿದ್ದೆ. ಯಾರಿಂದ, ಎಷ್ಟಕ್ಕೆ ಕೊಂಡಿರಿ ಅಂತ ಆ ಕಂಪನಿಗೆ ಪತ್ರ ಬರೆದೆ. ಬಂದ ಉತ್ತರದಲ್ಲಿ ಧನ್ಯವಾದ ಇತ್ತು, ಬೆಲೆ ಇರಲಿಲ್ಲ. ಅದೇ ಪ್ರಶ್ನೆಯನ್ನು ಹುರಿಯುವ ಇನ್ನೊಬ್ಬರಿಗೆ ಕಳಿಸಿದಾಗ ಸಂಘದ ಹೆಸರು, ಕೊಯ್ಲಿನ ವರ್ಷ, ಕೊಟ್ಟ ಬೆಲೆ, ಮೂರೂ ಎರಡೇ ದಿನದಲ್ಲಿ ಬಂದವು. ನೀವೂ ಕೇಳಿ. ಒಂದು ಸಾಲಿನ ಪ್ರಶ್ನೆ ಸಾಕು.

ಆ ಎರಡನೆಯವರ ಬೀಜವೇ ಈಗ ನನ್ನ ಡಬ್ಬಿಯಲ್ಲಿದೆ. ಮೊದಲ ದಿನ ಪೋರ್ ಓವರ್ ಎರಡು ನಿಮಿಷಕ್ಕೇ ಇಳಿದು ಹುಳಿಯಾಗಿತ್ತು. ಗ್ರೈಂಡರನ್ನು ಎರಡು ಗೆರೆ ನುಣ್ಣಗೆ ತಿರುಗಿಸಿದೆ. ಎರಡನೇ ದಿನ ಕೊನೆಯಲ್ಲಿ ಸ್ವಲ್ಪ ಒಗರು ಬಂತು. ಒಂದು ಗೆರೆ ಹಿಂದಕ್ಕೆ ಸರಿಸಿದೆ. ಮೂರನೇ ದಿನ 2 ನಿಮಿಷ 50 ಸೆಕೆಂಡಿಗೆ ಇಳಿಯಿತು, ಸಕ್ಕರೆ ಬೇಕಾಗಲಿಲ್ಲ.