ಸುಮ್ನೆ ಮಲಗಿದವರ ಹತ್ತಿರ ಮೊದಲು

ನಾನು ಮುಂಬಯಿಯ ಒಂದು ಮೆಡಿಸಿನ್ ವಾರ್ಡಿನಲ್ಲಿ ನರ್ಸ್. ಹುಟ್ಟಿದ್ದು ಶಿರಸಿ ಹತ್ತಿರ, ಮನೆ ಈಗ ಡೊಂಬಿವಲಿ. ಲೋಕಲ್‌ನಲ್ಲಿ ನಿಂತೇ ಬಂದು, ಬೆಳಿಗ್ಗೆ ಏಳೂವರೆಗೆ ನೈಟ್ ಸಿಸ್ಟರ್ ಹತ್ತಿರ ಓವರ್, ಅಂದರೆ ರೋಗಿಗಳ ರಾತ್ರಿಯ ವರದಿ, ತಗೊಳ್ಳುತ್ತೇನೆ. ಮಳೆಗಾಲದಲ್ಲಿ 30 ಹಾಸಿಗೆಗೆ 40 ಜನ. ಉಳಿದವರಿಗೆ ನೆಲವೇ ಗತಿ. ಮೊದಲು ಯಾರ ಹತ್ತಿರ ಹೋಗಬೇಕು?

ಹೊಸದರಲ್ಲಿ ನಾನು ಕೂಗಿದವರ ಹತ್ತಿರ ಓಡುತ್ತಿದ್ದೆ. ಸಲೈನ್ ಮುಗೀತು, ಫ್ಯಾನ್ ತಿರುಗ್ತಿಲ್ಲ, ಚಹಾ ಬಂದಿಲ್ಲ. ಆ ಚಾಳಿ ಬಿಡಿಸಿದ್ದು ಕುಂದಾಪುರದ ಒಬ್ಬ ಅಡುಗೆ ಭಟ್ಟರು. ಮಾಟುಂಗಾದ ಹೋಟೆಲಿನಲ್ಲಿ ಕೆಲಸ, ಹಳೇ ಸಕ್ಕರೆ ಕಾಯಿಲೆ, ಜ್ವರ ಮತ್ತು ವಾಂತಿ ಅಂತ ಬಂದಿದ್ದರು. ಊಟ ಬಿಟ್ಟಿದ್ದರು, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಬಿಟ್ಟಿರಲಿಲ್ಲ. ‘ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾರೆ’ ಅಂತ ಓವರ್‌ನಲ್ಲಿ ಹೇಳಿದರು. ನಾನೂ ಮಲಗಲಿ ಪಾಪ ಅಂದುಕೊಂಡು ಮುಂದೆ ಹೋದೆ. ಒಂಬತ್ತು ಗಂಟೆಗೆ ಬಿಪಿ ನೋಡಲು ಕೈ ಹಿಡಿದರೆ ಕೈ ತಣ್ಣಗೆ, ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ‘ಭಟ್ರೇ’ ಅಂದರೆ ಬರೀ ಗೊಣಗಾಟ. ಬೆರಳು ಚುಚ್ಚಿ ನೋಡಿದೆ, ಶುಗರ್ 38. ಡಾಕ್ಟರ್ ಓಡಿ ಬಂದು ನರಕ್ಕೆ ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್, ಕೊಟ್ಟರು. ಐದೇ ನಿಮಿಷಕ್ಕೆ ಕಣ್ಣು ಬಿಟ್ಟು ‘ಎಂಥ ಆಯ್ತು?’ ಅಂದರು. ಒಂದೂವರೆ ಗಂಟೆ ಅದನ್ನು ನಿದ್ದೆ ಅಂದುಕೊಂಡವಳು ನಾನು.

70ಕ್ಕಿಂತ ಕೆಳಗೆ ಇಳಿದರೆ ಅದು ಲೋ ಶುಗರ್. ಎಚ್ಚರ ಇದ್ದು ನುಂಗಲು ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಭಟ್ಟರು ತಗೊಳ್ಳುತ್ತಿದ್ದಂಥ ಮಾತ್ರೆಯಾದರೆ ಒಮ್ಮೆ ಶುಗರ್ ಏರಿತು ಅಂತ ಸುಮ್ಮನಾಗಬಾರದು, ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಅವರಿಗೆ ಮಧ್ಯಾಹ್ನ ಇನ್ನೊಮ್ಮೆ ಇಳಿಯಿತು. ಅಷ್ಟೊತ್ತಿಗೆ ನಾನು ಪಕ್ಕದಲ್ಲೇ ಇದ್ದೆ.

ಅಂದಿನಿಂದ ಮೊದಲ ಸುತ್ತು ಬರಿಗೈಯಲ್ಲಿ. ಬಿಪಿ ಮಷಿನ್ ಇಲ್ಲ, ಫೈಲ್ ಇಲ್ಲ. ಪ್ರತಿಯೊಬ್ಬರ ಕೈ ಮುಟ್ಟುತ್ತೇನೆ, ಎರಡು ಮಾತು ಆಡಿಸುತ್ತೇನೆ, ಎದೆ ಏರಿಳಿಯುವುದನ್ನು ನೋಡುತ್ತೇನೆ. ಸುಮ್ನೆ ಮಲಗಿದವರಿಂದಲೇ ಶುರು. ಕೂಗುವವರಿಗೆ ಕೂಗುವಷ್ಟು ಉಸಿರಾದರೂ ಇದೆ, ಅಲ್ವಾ?

ಉಸಿರಿನ ಬಗ್ಗೆ ಒಂದು ಮಾತು. ಎಷ್ಟೋ ಚಾರ್ಟ್ ತೆಗೆದು ನೋಡಿ, ಎಲ್ಲರದೂ 20. ಎಣಿಸದೆ ಬರೆದರೆ ಬರುವ ಸಂಖ್ಯೆ ಅದು. ನಾನೂ ಬರೆದಿದ್ದೇನೆ, ಯಾಕೆ ಸುಳ್ಳು ಹೇಳಲಿ. ಈಗ ನಾಡಿ ಹಿಡಿದಂತೆ ನಟಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇನೆ. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿ ಉಸಿರು ಬದಲಿಸಿಬಿಡುತ್ತಾರೆ. ದೊಡ್ಡವರಲ್ಲಿ 12ರಿಂದ 20 ಸರಿ. 28 ಬಂದರೆ ಬಿಪಿ ಎಷ್ಟೇ ಚೆನ್ನಾಗಿರಲಿ, ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಹಾರ್ಟ್ ಫೇಲ್ಯೂರ್ ಆಗಿ, ಅಂದರೆ ಹೃದಯ ಸೋತು, ಬಂದ ಮೌಶಿಯರಿಗೆ (ವಯಸ್ಸಾದ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತೇವೆ) ನನ್ನ ಮೊದಲ ಪ್ರಶ್ನೆ ರಾತ್ರಿ ಎಷ್ಟು ದಿಂಬು ಇಟ್ಟುಕೊಂಡಿರಿ ಅಂತ. ಒಂದಿದ್ದದ್ದು ಮೂರಾದರೆ ನೀರು ಎದೆಗೆ ಏರುತ್ತಿದೆ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಕ. ಮೂರು ದಿನಕ್ಕೆ ಎರಡು ಕಿಲೋ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಮನೆಯಿಂದ ಬರುವ ಡಬ್ಬಿಯಲ್ಲಿ ಹಪ್ಪಳ, ಉಪ್ಪಿನಕಾಯಿ ಇದೆಯಾ ಅಂತಲೂ ಇಣುಕುತ್ತೇನೆ. ಬೈಸಿಕೊಂಡಿದ್ದೂ ಉಂಟು.

ಡೆಂಗಿಯಲ್ಲಿ ಮನೆಯವರಿಗೂ ನನಗೂ ಯಾವಾಗಲೂ ಜಟಾಪಟಿ. ಜ್ವರ ಇಳಿಯಿತು, ಮನೆಗೆ ಬಿಡಿ ಅಂತಾರೆ. ನಾನು ಹೆಚ್ಚು ಹೆದರುವುದು ಆಗಲೇ. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೆ ಕೆಲವರಿಗೆ ರಕ್ತನಾಳದಿಂದ ನೀರು ಸೋರುತ್ತದೆ. ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ನನ್ನ ಕಣ್ಣು ಬಿಪಿಯ ಮೇಲಿನ ಮತ್ತು ಕೆಳಗಿನ ಸಂಖ್ಯೆಯ ನಡುವಿನ ಅಂತರದ ಮೇಲೆ. 100/84 ಅಂದರೆ ಮೇಲಿನದು ನೋಡಿ ಪರವಾಗಿಲ್ಲ ಅನಿಸುತ್ತದೆ. ಆದರೆ ಅಂತರ ಬರೀ 16. ಇಪ್ಪತ್ತು ಅಥವಾ ಅದಕ್ಕಿಂತ ಕಡಿಮೆ ಆಗಿ ಕೈಕಾಲು ತಣ್ಣಗಾದರೆ ಅದು ಶಾಕ್, ಅಂದರೆ ಮೈಗೆ ರಕ್ತ ಸಾಲದ ಸ್ಥಿತಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಇವೆಲ್ಲ ಅದಕ್ಕೂ ಮುಂಚಿನ ಎಚ್ಚರಿಕೆಗಳು.

ಆದರೆ ನನಗೆ ಜಾಸ್ತಿ ನೆನಪಿರುವುದು ಬಾಗಲಕೋಟೆ ಕಡೆಯ ಒಬ್ಬ ಗೌಂಡಿ ಅಜ್ಜ. ಧಾರಾವಿಯಲ್ಲಿ ಮಗನ ಜೊತೆ ಇದ್ದರು. ಜ್ವರ. ಚಾರ್ಟಿನಲ್ಲಿ ‘ಗೊಂದಲದಲ್ಲಿದ್ದಾರೆ, ಸಂಬಂಧ ಇಲ್ಲದ ಮಾತು’ ಅಂತ ಬರೆದಿತ್ತು. ಮೂತ್ರ ಆಗಿದೆ ಅಂತಲೂ ಇತ್ತು. ನಾನು ಪಕ್ಕ ಕೂತು ‘ಯಾವೂರ್ರೀ ಅಜ್ಜಾರ?’ ಅಂದೆ. ಅವರ ಮುಖ ನೋಡಬೇಕಿತ್ತು. ‘ಯವ್ವಾ, ಕನ್ನಡದಾಕೀ ಏನ?’ ಆಮೇಲೆ ಒಂದೂ ತಪ್ಪದೆ ಊರು, ವಾರ, ಮಗನ ಹೆಸರು ಎಲ್ಲ ಹೇಳಿದರು. ಗೊಂದಲ ಅಜ್ಜನಿಗಲ್ಲ, ವಾರ್ಡಿಗೆ.

‘ಒಂದಾ ಹೋಗೀರೇನ್ರಿ?’ ಅಂತ ಕೇಳಿದೆ. ‘ಇಲ್ಲವ್ವಾ, ನಿನ್ನಿ ಸಂಜಿಯಿಂದ ಇಲ್ಲ. ಮೀನಖಂಡ ಹಿಂಡಾಕತ್ತಾವು.’ ರಾತ್ರಿ ಯಾರೋ ‘ಪೇಶಾಬ್ ಹುವಾ?’ ಅಂದಿದ್ದಾರೆ, ಇವರು ಮರ್ಯಾದೆಗೆ ತಲೆಯಾಡಿಸಿದ್ದಾರೆ. ಕಣ್ಣು ಕೆಂಪಗಿತ್ತು, ಗೀಜು ಇರಲಿಲ್ಲ. ಹಿಂದಿನ ವಾರ ಮೊಣಕಾಲು ನೀರಿನಲ್ಲಿ ಕೆಲಸಕ್ಕೆ ಹೋಗಿ ಬಂದಿದ್ದರಂತೆ. ಮುಂಬಯಿಯಲ್ಲಿ ಇಷ್ಟು ಕೇಳಿದರೆ ಲೆಪ್ಟೊ, ಅಂದರೆ ಇಲಿಜ್ವರ, ನೆನಪಾಗಲೇಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಈ ಊರಿಗೆ ಇಲಿಜ್ವರ ಕಲಿಸಿದ ಪಾಠ ಅದು.

ಕಿಬ್ಬೊಟ್ಟೆ ಒತ್ತಿ ನೋಡಿದೆ. ಮೆತ್ತಗಿತ್ತು. ಮೂತ್ರ ಕಟ್ಟಿಕೊಂಡಿದ್ದರೆ ಅಲ್ಲಿ ಚೆಂಡಿನ ಹಾಗೆ ಕೈಗೆ ಸಿಗುತ್ತದೆ. ಅಂದರೆ ಕಿಡ್ನಿಯೇ ಮೂತ್ರ ಮಾಡುತ್ತಿಲ್ಲ. ಡಾಕ್ಟರಿಗೆ ಫೋನಿನಲ್ಲಿ ಕಥೆ ಹೇಳಲಿಲ್ಲ. 50 ಕಿಲೋ ತೂಕ, ಗಂಟೆಗೆ 25 ಮಿಲಿಯಾದರೂ ಬರಬೇಕು, 14 ಗಂಟೆಯಿಂದ ಏನೂ ಇಲ್ಲ, ಮೀನಖಂಡ ನೋವು, ಕೆಂಪು ಕಣ್ಣು, ನೆರೆನೀರು ಅಂದೆ. ಅವರು ಬಂದು ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿಸಿದಾಗ 40 ಮಿಲಿ ಬಂತು, ಚಹಾದ ಬಣ್ಣ. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಿತ್ತು. ಅವತ್ತೇ ಐಸಿಯುಗೆ ಹೋದರು. ಎರಡು ಸಲ ಡಯಾಲಿಸಿಸ್ ಆಗಿ, ಹದಿನೇಳನೇ ದಿನ ನಡೆದುಕೊಂಡು ಮನೆಗೆ ಹೋದರು.

ಆಮೇಲೆ ಒಂದು ನೋಟ್‌ಬುಕ್ಕಿನ ಹಿಂದೆ ಪಟ್ಟಿ ಬರೆಯಲು ಶುರು ಮಾಡಿದೆ. ಮೂತ್ರ, ತಲೆಸುತ್ತು, ಎದೆ ಹಿಡಿಯುವುದು, ಬಾಯಾರಿಕೆ ಇವಕ್ಕೆ ನಮ್ಮ ವಾರ್ಡಿಗೆ ಬರುವವರು ಏನೇನು ಅನ್ನುತ್ತಾರೆ ಅಂತ ಕನ್ನಡ, ಮರಾಠಿ, ಹಿಂದಿ, ತಮಿಳಿನಲ್ಲಿ. ಕಳೆದ ತಿಂಗಳು ಕೇರಳದಿಂದ ಬಂದ ಹೊಸ ಹುಡುಗಿ ಅದನ್ನು ನೋಡಿಕೊಂಡು ವಿಜಯಪುರದ ಒಬ್ಬ ಅಜ್ಜಿಗೆ ‘ಒಂದಾ ಹೋದ್ರಾ?’ ಅಂದಳು. ಅಜ್ಜಿ ನಕ್ಕು ‘ಒಂದೂ ಆತು, ಎರಡೂ ಆತು’ ಅಂದರು. ಹುಡುಗಿ ನನ್ನ ಹತ್ತಿರ ಓಡಿ ಬಂದು ಕೇಳಿದಳು, ‘ಸಿಸ್ಟರ್, ಎರಡು ಅಂದರೆ ಏನು? ಪಟ್ಟಿಯಲ್ಲಿ ಇಲ್ಲ.’